ಕೆಳಬಾಗಿನಿಂದ ಬ್ರೇಕಿಗೆ ಎಷ್ಟು ದೂರ

ಶೆಂಗಾಂಗ್, ತಾಯ್‌ಚುಂಗ್
೪ ಸೆಪ್ಟೆಂಬರ್ ೨೦೨೩

ರೂ-ಆನ್,

ನಾನು ಬಾವ್ಜು. ಶೆಂಗಾಂಗಿನ ಕೋ ಮನೆತನದ ಹಿರಿಯಳು, ನಿನ್ನ ತಂದೆಯ ತಾಯಿ. ವಯಸ್ಸು ಎಪ್ಪತ್ತೊಂದು. ಹೈಸ್ಕೂಲು ಮುಗಿಸಿದವಳು. ಇಪ್ಪತ್ತೊಂದಕ್ಕೆ ಈ ಮನೆಗೆ ಸೊಸೆಯಾಗಿ ಬಂದೆ. ಬಂದ ಮೂರನೇ ದಿನವೇ ಕಾರ್ಖಾನೆಗೆ ಇಳಿದು ಕೈ ಕಪ್ಪು ಮಾಡಿಕೊಂಡೆ. ನಿನ್ನ ತಾತ ತೀರಿಕೊಂಡು ಹತ್ತೊಂಬತ್ತು ವರ್ಷ. ರೇಸ್ ಸೈಕಲ್ಲಿನ ಹ್ಯಾಂಡಲ್ಲು, ಬ್ರೇಕ್ ಲಿವರ್ ಮಾಡುವ ಈ ಕಾರ್ಖಾನೆಯಿಂದ ಅಂದಿನಿಂದ ಇಂದಿನವರೆಗೆ ನನ್ನ ಮುದ್ರೆ ಬೀಳದೆ ಒಂದು ಪೆಟ್ಟಿಗೆಯೂ ಗೇಟು ದಾಟಿಲ್ಲ. ಎಂಬತ್ತಾರು ಜನ ನನ್ನನ್ನು ಯಜಮಾನತಿ ಎನ್ನುತ್ತಾರೆ. ಪೇಟೆಯ ದೇವಸ್ಥಾನದ ಸಮಿತಿಯಲ್ಲಿ ನನ್ನ ಕುರ್ಚಿ ಮೊದಲ ಸಾಲಿನದು. ನೀನು ಬರೆದದ್ದು ಯಾರಿಗೆ ಎಂದು ನಿನಗೆ ಗೊತ್ತಿರಲಿ ಎಂದೇ ಇಷ್ಟು ಹೇಳಿದೆ.

ನಿನ್ನ ಕಾರ್ಡು ಹೋದ ವಾರ ಬಂತು. "ಕಾರ್ಖಾನೆಯವರಿಗೆ" ಎಂದು ಶುರು. ಆಮೇಲೆ ಎರಡೇ ಸಾಲು. ನಿಮ್ಮ ಬ್ರೇಕು ರಾಕ್ಷಸರ ಕೈಗೆ ಮಾಡಿದ್ದು, ಇದನ್ನು ಪರೀಕ್ಷೆ ಮಾಡಿದವರು ಯಾರು. ಕೆಳಗೆ ಕೋ ರೂ-ಆನ್, ಗುವಾನ್‌ಶಾನ್. ಕಚೇರಿಯ ಹುಡುಗಿ ಅದನ್ನು ದೂರಿನ ಫೈಲಿಗೆ ಸೇರಿಸಲು ಹೊರಟಿದ್ದಳು. ಹೆಸರು ನೋಡಿ ನಾನು ಕಿತ್ತುಕೊಂಡೆ.

ನಾಲ್ಕು ವರ್ಷದವಳಿದ್ದಾಗ ನೀನು ಈ ಮನೆಯಿಂದ ಹೋದೆ. ಎಂಟು ವರ್ಷದ ಮೇಲೆ ಬಂದ ಮೊದಲ ಮಾತು ಇದು. ಇರಲಿ. ಅಜ್ಜಿಗೆ ಬರೆಯುವ ಕಾಗದ ಅಜ್ಜಿಗೆ ಎಂದು ಶುರುವಾಗಬೇಕು, ಮುಂದಿನ ಸಲ ನೆನಪಿಟ್ಟುಕೋ.

ನಿನ್ನ ಪ್ರಶ್ನೆಗೆ ಉತ್ತರ: ಪರೀಕ್ಷೆ ಮಾಡಿದವಳು ನಾನು. ನಿನ್ನ ತಂದೆ ವಿಯೆಟ್ನಾಮಿನಿಂದ ಫೋನು ಮಾಡಿ, ಮಗಳಿಗೆ ಹನ್ನೆರಡು ತುಂಬುತ್ತದೆ, ಒಂದು ಸೈಕಲ್ಲು ಕಳಿಸಿ ಎಂದಾಗ ಆ ಲಿವರುಗಳನ್ನು ಆರಿಸಿದ್ದೂ ನಾನೇ. ಅದರಲ್ಲಿ ತಪ್ಪಿರುವುದು ಸಾಧ್ಯವಿಲ್ಲ. ನಿನ್ನ ತಾಯಿ ಬಾಡಿಗೆ ಸೈಕಲ್ಲಿನ ಅಂಗಡಿಯಲ್ಲಿ ರಿಪೇರಿ ಮಾಡುತ್ತಾಳೆ ಎಂದು ಕೇಳಿದ್ದೇನೆ. ಹತ್ತು ನಿಮಿಷದ ಕೆಲಸಕ್ಕೆ ಬೆಟ್ಟಸಾಲಿನ ಆಚೆಯಿಂದ ಈಚೆಗೆ ಕಾಗದ ಬರೆಯುವುದೇಕೆ? ಏನು ತೊಂದರೆ ಎಂದು ಸರಿಯಾಗಿ ಬರೆ. ಬೈಗುಳ ಬೇಡ, ಅಳತೆ ಬೇಕು.

ನಿನ್ನ ಅಜ್ಜಿ,
ಬಾವ್ಜು

ಗುವಾನ್‌ಶಾನ್, ತಾಯ್‌ತುಂಗ್
೧೧ ಸೆಪ್ಟೆಂಬರ್

ಪೂಜ್ಯ ಅಜ್ಜಿಗೆ,

ಹೀಗೆ ಶುರು ಮಾಡಿದರೆ ಸರಿಯಾ?

ಕಾರ್ಡು ನಿಮ್ಮ ಕೈಗೇ ಹೋಗುತ್ತೆ ಅಂತ ನನಗೆ ಗೊತ್ತಿರಲಿಲ್ಲ. ಅಮ್ಮನಿಗೆ ಗೊತ್ತಿತ್ತು ಅನ್ನಿಸುತ್ತೆ. ಲಿವರನ್ನು ಸರಿ ಮಾಡಿಕೊಡು ಅಂತ ನಾನು ಮೊದಲು ಕೇಳಿದ್ದು ಅಮ್ಮನನ್ನೇ. ಅಮ್ಮ ಒಂದು ಸಲ ಹಿಡಿದು ನೋಡಿ ಕೈ ಒರೆಸಿಕೊಂಡು, "ಕಾರ್ಖಾನೇಲಿ ಹುಟ್ಟಿದ ತಪ್ಪು ಕಾರ್ಖಾನೇಲೇ ಸರಿಯಾಗ್ಲಿ, ನಾನು ಕೈ ಹಾಕಲ್ಲ" ಅಂದಳು. ಎಲ್ಲರ ಸೈಕಲ್ಲಿಗೂ ಕೈ ಹಾಕುತ್ತಾಳೆ, ನನ್ನದಕ್ಕೆ ಮಾತ್ರ ಇಲ್ಲ.

ತೊಂದರೆ ಇದು. ನಮ್ಮ ಶಾಲೆಯ ಹುಡುಗಿಯರ ತಂಡದಲ್ಲಿ ಆರು ಜಾಗ. ಡಿಸೆಂಬರ್ ಹದಿನಾರಕ್ಕೆ ರೇಸು. ಅದಕ್ಕೆ ಮುಂಚೆ ಡಿಸೆಂಬರ್ ಎರಡಕ್ಕೆ ಕೋಚ್ ಪಾನ್ ಅಕ್ಕಿ ಗಿರಣಿಯ ಹಿಂದಿನ ಇಳಿಜಾರಿನಲ್ಲಿ ಪರೀಕ್ಷೆ ಮಾಡುತ್ತಾರೆ. ಟಗರಿನ ಕೊಂಬಿನ ಹಾಗೆ ಬಾಗಿದೆಯಲ್ಲ ಹ್ಯಾಂಡಲ್ಲು, ಅದರ ಕೆಳಬಾಗನ್ನು ಹಿಡಿದು, ಬಗ್ಗಿಕೊಂಡು ಜೋರಾಗಿ ಇಳಿದು ಬಿಳಿ ಗೆರೆಯೊಳಗೆ ನಿಲ್ಲಬೇಕು. ಆಗಸ್ಟಿನಲ್ಲಿ ಒಂದು ಸಲ ಮಾಡಿಸಿದರು. ನಾನು ಗೆರೆ ದಾಟಿ ಮೂರು ಮೀಟರು ಹೋಗಿ ಗದ್ದೆಗೆ ಬಿದ್ದೆ. ಮಂಡಿ ತರಚಿತು, ಅಷ್ಟೇ. ಆದರೆ ನಿಲ್ಲಲಿಕ್ಕೆ ಬರದವಳನ್ನು ರಸ್ತೆಗೆ ಬಿಡಲ್ಲ ಅಂತ ಕೋಚ್ ಹೇಳಿದ್ದಾರೆ. ನಾನು ಆರನೆಯವಳು. ಏಳನೆಯವಳ ಕೈ ಬಾಳೆಗೊನೆಯಷ್ಟು ದೊಡ್ಡದು. ನನ್ನ ಜಾಗಕ್ಕೆ ಅವಳು ಕಾಯುತ್ತಿದ್ದಾಳೆ.

ಮೇಲಿನಿಂದ ಹಿಡಿದರೆ ಬ್ರೇಕು ಹೇಗೋ ಸಿಗುತ್ತೆ. ಕೆಳಬಾಗಿನಿಂದ ಸಿಗುವುದೇ ಇಲ್ಲ. ನನಗೆ ಇರುವ ರೇಸ್ ಸೈಕಲ್ಲು ಇದೊಂದೇ.

ಅಳತೆ ಕೇಳಿದಿರಲ್ಲ, ಇನ್ನೊಂದು ಹಾಳೆಯಲ್ಲಿ ನನ್ನ ಬಲಗೈ ಇಟ್ಟು ಸುತ್ತ ಗೆರೆ ಎಳೆದಿದ್ದೇನೆ. ಕಿರುಬೆರಳು ಸೊಟ್ಟ ಕಂಡರೆ ಅದು ನಿಜವಾಗಿಯೂ ಸೊಟ್ಟವೇ.

ರೂ-ಆನ್

ಶೆಂಗಾಂಗ್
೧೮ ಸೆಪ್ಟೆಂಬರ್

ರೂ-ಆನ್,

ಕಿರುಬೆರಳು ನಿನ್ನ ತಾತನದು. ಅವರದ್ದೂ ಹಾಗೇ ಇತ್ತು.

ನಿನ್ನ ಕೈಯ ಗೆರೆಯ ಮೇಲೆ ನನ್ನ ಕೈ ಇಟ್ಟು ನೋಡಿದೆ. ನಿನ್ನ ತೋರುಬೆರಳು ನನ್ನದಕ್ಕಿಂತ ಒಂದು ಅಕ್ಕಿಕಾಳಿನಷ್ಟು ಉದ್ದ. ಹೆಬ್ಬೆರಳಿನ ಸಂದಿನಿಂದ ಅಳೆದರೂ ನೀನೇ ದೊಡ್ಡವಳು. ಈಗ ಕೇಳು. ನಿನ್ನದಕ್ಕಿಂತ ಚಿಕ್ಕದಾದ ಈ ಕೈ ಮೂವತ್ತೊಂದು ವರ್ಷ ಪರೀಕ್ಷೆಯ ಸಾಲಿನಲ್ಲಿ ದಿನಕ್ಕೆ ಆರುನೂರು ಲಿವರುಗಳನ್ನು ಅದುಮಿದೆ. ಒಂದೂ ಸಿಗದೆ ಹೋಗಲಿಲ್ಲ. ಆದ್ದರಿಂದ ತಪ್ಪು ಲಿವರಿನದಲ್ಲ, ಕೂರಿಸಿದ ರೀತಿಯದು. ಅದನ್ನು ಸರಿಪಡಿಸೋಣ. ನಿನ್ನ ತಾಯಿ ಕೈ ಹಾಕದಿದ್ದರೆ ನೀನೇ ಹಾಕು. ಹನ್ನೆರಡು ವರ್ಷ ಸಣ್ಣ ವಯಸ್ಸಲ್ಲ.

ಲಿವರಿನ ತಲೆಯ ಮೇಲಿನ ರಬ್ಬರನ್ನು ಹಿಂದಿನಿಂದ ಮಡಚಿ ಎತ್ತು. ಒಳಗೆ ಸಾಸಿವೆಕಾಳಿಗಿಂತ ಸ್ವಲ್ಪ ದೊಡ್ಡ ಸ್ಕ್ರೂ ಇದೆ. ಅಂಗಡಿಯಲ್ಲಿ ಎರಡು ಮಿಲಿಮೀಟರಿನ ಅಲನ್ ಕೀ ಇರುತ್ತದೆ. ಅದನ್ನು ಬಲಕ್ಕೆ ಅರ್ಧ ಸುತ್ತು ತಿರುಗಿಸು. ಲಿವರು ಹ್ಯಾಂಡಲಿನ ಕಡೆಗೆ ಬರುತ್ತದೆ. ಹಿಡಿದು ನೋಡು, ಮತ್ತೆ ಅರ್ಧ ಸುತ್ತು. ಎಡಕ್ಕೂ ಬಲಕ್ಕೂ ಒಂದೇ ಲೆಕ್ಕ. ಒಮ್ಮೆಗೇ ಪೂರ್ತಿ ತಿರುಗಿಸಿ ಕೂರಬೇಡ.

ಆಮೇಲೆ ಇವನ್ನು ನೋಡಿ ಬರೆ. ಲಿವರಿಗೆ ತಾಗುವುದು ನಿನ್ನ ಬೆರಳಿನ ಮೊದಲ ಗೆಣ್ಣೋ, ಬರೀ ತುದಿಯೋ? ಎಷ್ಟು ಬೆರಳು? ಹ್ಯಾಂಡಲಿಗೆ ಸುತ್ತಿದ ಟೇಪು ಒಂದು ಸುತ್ತೋ ಎರಡೋ? ಎರಡಾದರೆ ಒಂದನ್ನು ಬಿಚ್ಚು, ಮುಷ್ಟಿಯೊಳಗೆ ದಪ್ಪ ಕಡಿಮೆಯಾದಷ್ಟೂ ಬೆರಳು ಮುಂದೆ ಹೋಗುತ್ತದೆ. ನಿನ್ನ ಭುಜದ ಅಗಲ ಎಷ್ಟು? ಲಿವರುಗಳನ್ನು ಯಾರಾದರೂ ಬಾಗಿನ ಮೇಲೆ ಎತ್ತರಕ್ಕೆ ಸರಿಸಿದ್ದಾರೆಯೇ? ಹಾಗೆ ಸರಿಸಿದರೆ ಮೇಲಿನಿಂದ ಹಿಡಿಯಲು ಹಾಯಿ, ಆದರೆ ಕೆಳಬಾಗಿನಿಂದ ಲಿವರಿನ ತುದಿ ದೂರವಾಗುತ್ತದೆ. ಕೋಚುಗಳು ಎಲ್ಲ ಕಡೆಯೂ ಈ ತಪ್ಪು ಮಾಡುತ್ತಾರೆ.

ಮಂಡಿಗೆ ಏನು ಹಚ್ಚಿದಿರಿ ಎಂದು ನೀನು ಬರೆದಿಲ್ಲ.

ಅಜ್ಜಿ

ಗುವಾನ್‌ಶಾನ್
೨ ಅಕ್ಟೋಬರ್

ಪೂಜ್ಯ ಅಜ್ಜಿಗೆ,

ಮಂಡಿಗೆ ಅಮ್ಮ ಅಯೋಡಿನ್ ಹಚ್ಚಿದಳು. ವಾಸಿಯಾಯಿತು. ಹುಣ್ಣಿಮೆ ಹಬ್ಬಕ್ಕೆ ನಾವು ಅಂಗಡಿಯ ಮುಂದೆಯೇ ಮಾಂಸ ಸುಟ್ಟು ತಿಂದೆವು. ಚಕೋತದ ಸಿಪ್ಪೆಯನ್ನು ಚಿಕ್ಕ ಮಕ್ಕಳ ಹಾಗೆ ಟೋಪಿ ಮಾಡಿ ತಲೆಗೆ ಹಾಕಿಕೊಂಡೆ, ಆ ವಯಸ್ಸು ಮುಗಿಯಿತು ಅಂತ ಅಮ್ಮ ಬೈದಳು.

ಈಗ ಉತ್ತರಗಳು. ಕೆಳಬಾಗಿನಿಂದ ತಾಗುವುದು ಬೆರಳ ತುದಿ ಮಾತ್ರ, ಅದೂ ಎರಡು ಬೆರಳಿನದು. ಟೇಪು ಎರಡು ಸುತ್ತು ಇತ್ತು, ಒಂದು ಬಿಚ್ಚಿದೆ. ಭುಜ ಮೂವತ್ತಮೂರು ಸೆಂಟಿಮೀಟರ್, ಹ್ಯಾಂಡಲ್ಲು ನಲವತ್ತು. ಲಿವರನ್ನು ಎತ್ತರಿಸಿದ್ದು ಕೋಚೇ. ನಿಮಗೆ ಅಲ್ಲಿಂದ ಹೇಗೆ ಕಂಡಿತೋ ಗೊತ್ತಿಲ್ಲ. ಕೆಳಗಿಳಿಸಿದ ಮೇಲೆ ಒಂದು ಬೆರಳಿನಗಲ ಹತ್ತಿರ ಬಂತು.

ಸ್ಕ್ರೂವನ್ನು ಅರ್ಧರ್ಧ ಸುತ್ತಾಗಿ ನಾಲ್ಕು ಸುತ್ತು ತಿರುಗಿಸಿದೆ. ಲಿವರು ಹತ್ತಿರ ಬಂತು, ಖುಷಿಯಾಯಿತು. ಆದರೆ ಈಗ ಚಕ್ರ ನಿಲ್ಲುವ ಮೊದಲೇ ಲಿವರು ಹೋಗಿ ಹ್ಯಾಂಡಲಿಗೆ ಮುತ್ತು ಕೊಡುತ್ತೆ. ನಡುವೆ ನನ್ನ ಉಂಗುರದ ಬೆರಳು ಸಿಕ್ಕಿ ಅಪ್ಪಚ್ಚಿ. ಕೇಬಲ್ಲು ಬಿಗಿಯಬೇಕಾ?

ಇನ್ನೊಂದು ವಿಷಯ ಕೇಳುತ್ತೇನೆ, ಸಿಟ್ಟು ಮಾಡಬೇಡಿ. ನಿಮ್ಮ ಕೈ ನನ್ನದಕ್ಕಿಂತ ಚಿಕ್ಕದು, ಆದರೂ ನಿಮಗೆ ಸಿಗುತ್ತೆ ಅಂದಿರಲ್ಲ, ಅದು ಹೇಗೆ ಅಂತ ಮೂರು ದಿನ ಯೋಚಿಸಿದೆ. ಸೈಕಲ್ಲನ್ನು ಸ್ಟ್ಯಾಂಡಿಗೆ ಹಾಕಿ ಎಲ್ಲ ಕಡೆಯಿಂದಲೂ ಹಿಡಿದು ನೋಡಿದೆ. ಮುಂದಿನ ಚಕ್ರದ ಎದುರು ನಿಂತು ಹಿಡಿದಾಗ ಸುಲಭವಾಗಿ ಸಿಕ್ಕಿತು. ಪಕ್ಕದ ಮನೆಯ ಐದು ವರ್ಷದವನಿಗೂ ಸಿಕ್ಕಿತು. ಸೀಟಿನ ಮೇಲೆ ಕೂತರೆ ಅವನಿಗೂ ಇಲ್ಲ, ನನಗೂ ಇಲ್ಲ. ಅಜ್ಜಿ, ನೀವು ಪರೀಕ್ಷೆ ಮಾಡುವಾಗ ಯಾವ ಕಡೆ ನಿಲ್ಲುತ್ತಿದ್ದಿರಿ?

ಇದನ್ನು ಅಮ್ಮನಿಗೂ ಕೇಳಿದೆ. "ಅದನ್ನ ನನ್ನ ಕೇಳ್ಬೇಡ, ನಿಮ್ಮಜ್ಜೀನೇ ಕೇಳು" ಅಂದಳು.

ರೂ-ಆನ್

ಶೆಂಗಾಂಗ್
೯ ಅಕ್ಟೋಬರ್

ರೂ-ಆನ್,

ಹೌದು, ಕೇಬಲ್ಲು ಬಿಗಿಯಬೇಕು. ಚಕ್ರದ ಬಳಿ ಬ್ರೇಕಿನ ಮೇಲೆ ಬೆರಳಲ್ಲೇ ತಿರುಗಿಸುವ ಗುಂಡಿ ಇದೆ. ಅದನ್ನು ಎಡಕ್ಕೆ ತಿರುಗಿಸಿದರೆ ಕೇಬಲ್ಲು ಬಿಗಿಯಾಗುತ್ತದೆ. ಲಿವರು ಅರ್ಧ ದಾರಿ ಬರುವಷ್ಟರಲ್ಲಿ ಚಕ್ರ ಹಿಡಿಯಬೇಕು, ಆದರೆ ಲಿವರು ಬಿಟ್ಟಾಗ ಚಕ್ರ ಉಜ್ಜಬಾರದು. ನಾಲ್ಕು ಸುತ್ತು ಹೆಚ್ಚಾಯಿತು, ಮೂರಕ್ಕೆ ತಾ. ನಾಲ್ಕನೆಯದರಲ್ಲಿ ಸ್ಕ್ರೂವಿನ ಹಲ್ಲು ಸವೆಯುತ್ತದೆ.

ನೀನು ಕೇಳಿದ ಇನ್ನೊಂದು ಪ್ರಶ್ನೆಗೆ ಈಗ ಉತ್ತರ ಬರೆಯುವುದಿಲ್ಲ. ನೋಡದೆ ಬರೆಯುವವಳಲ್ಲ ನಾನು.

ಬಾವ್ಜು

ಶೆಂಗಾಂಗ್
೩೧ ಅಕ್ಟೋಬರ್

ರೂ-ಆನ್,

ನಿನ್ನಿಂದ ಕಾಗದ ಬಂದಿಲ್ಲ. ಕೇಬಲ್ಲು ಬಿಗಿದ ಮೇಲೂ ಗೆರೆಯೊಳಗೆ ನಿಲ್ಲಲು ಆಗುತ್ತಿಲ್ಲ ಎಂದು ನಾನೇ ಊಹಿಸಿಕೊಂಡಿದ್ದೇನೆ. ಯಾಕೆ ಆಗುತ್ತಿಲ್ಲ ಎಂದು ಈಗ ಹೇಳುತ್ತೇನೆ.

ಹದಿನೈದು ದಿನ ಪ್ರತಿದಿನ ಬೆಳಗ್ಗೆ ಪರೀಕ್ಷೆಯ ಸಾಲಿನ ಬಳಿ ನಿಂತು ನೋಡಿದೆ. ಐವತ್ತು ವರ್ಷದಿಂದ ಕಂಡದ್ದನ್ನೇ ಹೊಸದಾಗಿ ನೋಡುವುದು ಕಷ್ಟ. ನಮ್ಮಲ್ಲಿ ಹ್ಯಾಂಡಲನ್ನು ಕಬ್ಬಿಣದ ಸ್ಟ್ಯಾಂಡಿಗೆ ಬಿಗಿದು, ಹೆಂಗಸರು ಅದರ ಎದುರು ನಿಲ್ಲುತ್ತಾರೆ. ಚಕ್ರ ಇರಬೇಕಾದ ಜಾಗದಲ್ಲಿ. ಬೆರಳುಗಳನ್ನು ಹ್ಯಾಂಡಲಿನ ಹಿಂದಕ್ಕೆ ಸುತ್ತಿ, ಲಿವರನ್ನು ಅಂಗೈಯಿಂದ ಒತ್ತುತ್ತಾರೆ. ಅಂಗೈಗೆ ಎಲ್ಲಿಲ್ಲದ ಬಲ, ಅದಕ್ಕೆ ಉದ್ದ ಬೇಕಿಲ್ಲ. ಸವಾರ ಹಿಡಿಯುವುದು ತಿರುಗಾಮುರುಗ. ಅವನ ಅಂಗೈ ಹ್ಯಾಂಡಲಿನ ಮೇಲೆ, ಬೆರಳು ಲಿವರಿನ ಮೇಲೆ. ಇಡೀ ದಿನ ನಿಂತು ಕೆಲಸ ಮಾಡಲು ಎದುರಿನಿಂದಲೇ ಅನುಕೂಲ ಎಂದು ಸಾಲನ್ನು ಹಾಗೆ ಹಾಕಿಸಿದವಳು ನಾನೇ.

ಆದರೂ ನಂಬದೆ, ನಿನ್ನ ಸೈಕಲ್ಲಿನಂಥದೇ ಒಂದನ್ನು ಜೋಡಿಸಿ ಅಂಗಳಕ್ಕೆ ತರಿಸಿದೆ. ಹೈಸ್ಕೂಲಿಗೆ ನಾನು ದಿನಾ ಒಂಬತ್ತು ಕಿಲೋಮೀಟರು ಸೈಕಲ್ಲು ತುಳಿದು ಹೋದವಳು. ಅದು ನೆಟ್ಟಗಿನ ಹ್ಯಾಂಡಲಿನ ಗಟ್ಟಿ ಸೈಕಲ್ಲು. ಕೊಂಬಿನ ಹ್ಯಾಂಡಲಿನ ಸೈಕಲ್ಲಿನ ಮೇಲೆ ನಾನು ಯಾವತ್ತೂ ಕೂತಿರಲಿಲ್ಲ. ನಮ್ಮಲ್ಲಿ ಯಾರೂ ಕೂತಿರಲಿಲ್ಲ. ನಮ್ಮ ಮಾಲೆಲ್ಲ ಹಡಗಿನಲ್ಲಿ ಹಾಲೆಂಡಿಗೆ, ಜರ್ಮನಿಗೆ ಹೋಗುತ್ತದೆ. ನಕ್ಷೆ ಅಲ್ಲಿಂದ ಬರುತ್ತದೆ, ಓಡಿಸಿ ನೋಡುವವರೂ ಅಲ್ಲಿದ್ದಾರೆ. ಅವರ ಕೈ ಗುದ್ದಲಿಯಷ್ಟಿದೆ.

ನಿನ್ನೆ ಚಾಂದ್ರಮಾನದ ಹದಿನಾರು, ಕಾರ್ಖಾನೆಯ ಪೂಜೆಯ ದಿನ. ಎಂದಿನಂತೆ ಗೇಟಿನ ಎದುರು ಪೂಜೆಯ ಮೇಜು ಹಾಕಿದ್ದರು. ಕಿತ್ತಳೆ, ಬಿಸ್ಕತ್ತು, ಡಬ್ಬಿಯ ಕಾಫಿ, ಊದಿನಕಡ್ಡಿ. ಊಟದ ಬಿಡುವು. ಎಲ್ಲರೂ ಹೊರಗಿದ್ದರು. ನಮ್ಮ ಅಂಗಳ ಗೇಟಿನ ಕಡೆಗೆ ಸ್ವಲ್ಪ ಇಳಿಜಾರು. ನಾನು ಕೂತು, ಕೆಳಬಾಗು ಹಿಡಿದು ಬಗ್ಗಿದೆ. ಸೈಕಲ್ಲು ತಾನಾಗಿ ಹೊರಟಿತು. ಬ್ರೇಕು ಹಿಡಿದೆ. ಹಿಡಿದೆ ಎಂದುಕೊಂಡೆ. ಬೆರಳ ತುದಿ ಲಿವರನ್ನು ಮುಟ್ಟಿ ಜಾರಿತು.

ಮೇಜಿಗೆ ಹೋಗಿ ಗುದ್ದಿದೆ. ನಾನು ಬೀಳಲಿಲ್ಲ, ಮೇಜು ಬಿತ್ತು. ಕಿತ್ತಳೆಗಳು ರಸ್ತೆಯವರೆಗೂ ಉರುಳಿದವು. ಎಂಬತ್ತು ಜನ ನೋಡುತ್ತಿದ್ದರು. ಪರೀಕ್ಷೆಯ ಸಾಲಿನಲ್ಲಿ ಇಪ್ಪತ್ತೆಂಟು ವರ್ಷದಿಂದ ಇರುವ ತುಂಗ್ ಎಂಬವಳು ಬಂದು ನನ್ನ ತೋಳು ಹಿಡಿದು, "ಯಜಮಾನ್ತಿ, ಇವತ್ತು ನೀವೇ ನೈವೇದ್ಯ ಆಗ್ಬಿಡ್ತಿದ್ರಿ" ಎಂದಳು. ಆಮೇಲೆ ನಗು ಎದ್ದಿತು. ನಾನು ತಡೆಯಲಿಲ್ಲ.

ಮಧ್ಯಾಹ್ನ ಸಾಲಿನ ನಲವತ್ತು ಹೆಂಗಸರನ್ನೂ ಒಬ್ಬೊಬ್ಬರಾಗಿ ಸೀಟಿನ ಮೇಲೆ ಕೂರಿಸಿ, ಕೆಳಬಾಗಿನಿಂದ ಹಿಡಿಸಿದೆ. ಮೂವರಿಗೆ ಸಿಕ್ಕಿತು. ಮೂವತ್ತೊಂದು ವರ್ಷ ನಾನು ಪರೀಕ್ಷೆ ಮಾಡಿದ್ದು ಲಿವರು ಮುರಿಯುತ್ತದೋ ಇಲ್ಲವೋ ಎನ್ನುವುದನ್ನು. ಕೈಗೆ ಸಿಗುತ್ತದೋ ಇಲ್ಲವೋ ಎನ್ನುವುದನ್ನಲ್ಲ.

ನೀನು ಕೇಳಿದ್ದು ಸರಿಯಾದ ಪ್ರಶ್ನೆ. ಆದರೆ ಅದನ್ನು ಮೊದಲು ಕೇಳಿದವಳು ನೀನಲ್ಲ. ಎಂಟು ವರ್ಷದ ಹಿಂದೆ ಅದೇ ಶೆಡ್ಡಿನಲ್ಲಿ ಒಬ್ಬಳು ಕೇಳಿದ್ದಳು. ಯಾರೆಂದು ನಿನ್ನ ತಾಯಿಯನ್ನು ಕೇಳು. ಹೇಳದಿದ್ದರೆ ಎರಡನೇ ಸಲ ಕೇಳಬೇಡ.

ಅಜ್ಜಿ

ಗುವಾನ್‌ಶಾನ್
೮ ನವೆಂಬರ್

ಅಜ್ಜಿಗೆ,

ಬರೆಯದೆ ಇದ್ದಿದ್ದಕ್ಕೆ ಕ್ಷಮಿಸಿ. ನೀವು ಊಹಿಸಿದ್ದು ನಿಜ. ಕೇಬಲ್ಲು ಬಿಗಿದ ಮೇಲೆ ಗೆರೆಗಿಂತ ಒಂದು ಮೀಟರು ಮುಂದೆ ನಿಂತೆ. ಮೂರು ಮೀಟರಿಗಿಂತ ವಾಸಿ, ಆದರೆ ಸಾಲದು. ತುದಿಬೆರಳಿಗೆ ಅಷ್ಟೇ ಬಲ. ಕೋಚ್ ಒಳ್ಳೆಯವರು, ಮುಂದಿನ ವರ್ಷ ಕೈ ಬೆಳೆಯುತ್ತೆ ಅಂದರು. ನಿಮ್ಮ ಕೈ ಬೆಳೆಯಲಿಲ್ಲವಲ್ಲ ಅಂತ ಯೋಚಿಸಿಕೊಂಡೆ. ಏಳನೆಯವಳಿಗೆ ತಂಡದ ಅಂಗಿಯ ಅಳತೆ ತೆಗೆದುಕೊಂಡಿದ್ದಾರೆ.

ನಿಮ್ಮ ಕಾಗದವನ್ನು ಅಮ್ಮನಿಗೆ ಗಟ್ಟಿಯಾಗಿ ಓದಿದೆ. ಕಿತ್ತಳೆ ಉರುಳಿದಾಗ ನಗುತ್ತಾಳೆ ಅಂದುಕೊಂಡಿದ್ದೆ. ನಗಲಿಲ್ಲ. "ಎಲ್ಲರೂ ನೋಡ್ತಿದ್ರಂತಾ?" ಅಂತ ಕೇಳಿದಳು. ಹೌದು, ಎಂಬತ್ತು ಜನ ಅಂದೆ. ಆಮೇಲೆ ಆ ಪ್ರಶ್ನೆ ಕೇಳಿದವಳು ಯಾರು ಅಂದೆ. "ನಾನು" ಅಂದಳು, ಅಷ್ಟೇ. ಎರಡು ಸೈಕಲ್ಲಿನ ಚೈನು ತೊಳೆದಳು. ಅವೆರಡನ್ನೂ ಬೆಳಗ್ಗೆಯೇ ತೊಳೆದಿದ್ದಳು.

ಎರಡನೇ ಸಲ ಕೇಳಲಿಲ್ಲ.

ರೂ-ಆನ್

ಶೆಂಗಾಂಗ್
೨೦ ನವೆಂಬರ್

ರೂ-ಆನ್,

ಚಿಕ್ಕ ಕೈಗೆ ಹೊಸ ಲಿವರು ಮಾಡಿಸುತ್ತಿದ್ದೇನೆ. ನಕ್ಷೆ, ಅಚ್ಚು, ಪರೀಕ್ಷೆ ಎಲ್ಲ ಮುಗಿದು ಕೈಗೆ ಬರುವುದು ಮಾರ್ಚಿಗೆ. ಡಿಸೆಂಬರ್ ಎರಡು ಮಾರ್ಚಿನವರೆಗೆ ಕಾಯುವುದಿಲ್ಲ.

ಅದಕ್ಕೆ ಶುಕ್ರವಾರ ವಾಯ್‌ಪುವಿಗೆ ಹೋಗಿದ್ದೆ. ಅಲ್ಲಿ ಚೋ ಎಂಬವರ ಕಾರ್ಖಾನೆ ಇದೆ. ನಮ್ಮಂತೆಯೇ ಲಿವರು ಮಾಡುತ್ತಾರೆ, ನಮ್ಮ ಗಿರಾಕಿಗಳನ್ನೇ ಸೆಳೆಯುತ್ತಾರೆ. ಇಪ್ಪತ್ತು ವರ್ಷದಿಂದ ಸಭೆ ಸಮಾರಂಭಗಳಲ್ಲಿ ಎದುರಾದರೂ ನಾನು ತಲೆಯಾಡಿಸಿದವಳಲ್ಲ. ಅವರ ಸೊಸೆ ಸೈಕಲ್ಲು ಹೊಡೆಯುತ್ತಾಳೆ, ಅವಳ ಕೈಗೆ ಸಿಗುವಂತೆ ಒಂದು ಲಿವರು ಮಾಡಿದ್ದಾರೆ ಎಂದು ತುಂಗ್ ಹೇಳಿದ್ದಳು. ಗೇಟಿನಲ್ಲಿ ನನ್ನನ್ನು ಕಂಡು ಕಾವಲಿನವನು ಒಳಗೆ ಓಡಿದ. ಚೋ ಅವರೇ ಬಂದು ಚಹಾ ಬಗ್ಗಿಸಿದರು. ನಿಮ್ಮಲ್ಲಿರುವ ಅತಿ ಚಿಕ್ಕ ಲಿವರು ಒಂದು ಜೊತೆ ಬೇಕು, ಮೂವತ್ತಾರು ಸೆಂಟಿಮೀಟರ್ ಅಗಲದ ಹ್ಯಾಂಡಲ್ಲು ಒಂದು ಬೇಕು, ಬಾಗು ಆಳವಾಗಿರಬಾರದು ಎಂದೆ.

"ಬಿಚ್ಚಿ ನೋಡಿ ನಕಲು ಮಾಡೋಕಾ, ಯಜಮಾನ್ತಿ?" ಎಂದು ಕೇಳಿದರು.

"ನನ್ನ ಮೊಮ್ಮಗಳಿಗೆ. ನಮ್ಮದು ಅವಳ ಕೈಗೆ ಸಿಗಲ್ಲ" ಎಂದೆ.

ಅವರು ನಗಬಹುದಿತ್ತು. ನಗಲಿಲ್ಲ. ಎದ್ದು ಹೋಗಿ ತಾವೇ ತಂದುಕೊಟ್ಟರು. ವಾಪಸ್ ಬರುವಾಗ ಡ್ರೈವರು ಕನ್ನಡಿಯಲ್ಲಿ ನನ್ನನ್ನೇ ನೋಡುತ್ತಿದ್ದ. ರಸ್ತೆ ನೋಡು ಎಂದೆ.

ಪಾರ್ಸೆಲ್ ನಿನ್ನೆ ಕಳಿಸಿದ್ದೇನೆ. ಒಂದು ಷರತ್ತು. ಇದನ್ನು ನಿನ್ನ ತಾಯಿಯೇ ಜೋಡಿಸಬೇಕು. ಕಾರ್ಖಾನೆಯಲ್ಲಿ ಹುಟ್ಟಿದ ತಪ್ಪು ಕಾರ್ಖಾನೆಗೆ ಬಂದು ಮುಟ್ಟಿದೆ, ಇನ್ನು ನೀನು ಕೈ ಹಾಕಬಹುದಂತೆ ಎಂದು ಹೇಳು. ಅವಳಿಗಿಂತ ಚೆನ್ನಾಗಿ ಕೇಬಲ್ಲು ಎಳೆಯುವವರು ನನ್ನ ಸಾಲಿನಲ್ಲಿ ಆಗಲೂ ಇರಲಿಲ್ಲ, ಈಗಲೂ ಇಲ್ಲ.

ಅಜ್ಜಿ

ಗುವಾನ್‌ಶಾನ್
೨ ಡಿಸೆಂಬರ್

ಅಜ್ಜಿಗೆ,

ನಿಂತೆ. ಗೆರೆಗಿಂತ ಒಂದು ಗೇಣು ಹಿಂದೆ. ಕೋಚ್ ನಂಬದೆ ಮೂರು ಸಲ ಇಳಿಸಿದರು, ಮೂರು ಸಲವೂ ನಿಂತೆ. ಏಳನೆಯವಳು ಬಂದು ಬೆನ್ನಿಗೆ ಗುದ್ದಿ, "ಮುಂದಿನ ವರ್ಷ ನೋಡ್ಕೋತೀನಿ ಕಣೆ ನಿನ್ನ" ಅಂದಳು. ಅವಳ ಕೈ ನಿಜವಾಗಿಯೂ ದೊಡ್ಡದು, ಇನ್ನೂ ನೋಯುತ್ತಿದೆ. ಹದಿನಾರಕ್ಕೆ ನಾನು ಹೋಗುತ್ತೇನೆ.

ಅಮ್ಮ ಜೋಡಿಸುವುದನ್ನು ನೀವು ನೋಡಬೇಕಿತ್ತು. ನನ್ನನ್ನು ಸೀಟಿನ ಮೇಲೆ ಕೂರಿಸಿ, ಬೆರಳುಗಳಿಗೆ ಸೀಮೆಸುಣ್ಣ ಹಚ್ಚಿದಳು. ಕಣ್ಣು ಮುಚ್ಚಿ ಬ್ರೇಕು ಹಿಡಿ ಅಂದಳು. ಲಿವರಿನ ಮೇಲೆ ಬಿಳಿ ಗುರುತು ಎಲ್ಲಿ ಬಿತ್ತು ಅಂತ ನೋಡಿ, ಒರೆಸಿ, ಮತ್ತೆ ಬಿಚ್ಚಿ ಸ್ವಲ್ಪ ಸರಿಸಿದಳು. ಹೀಗೆ ನಾಲ್ಕು ಸಲ, ಗುರುತು ಗೆಣ್ಣಿನ ಕೆಳಗೆ ಸರಿಯಾಗಿ ಬೀಳುವ ತನಕ. ಪರೀಕ್ಷೆಗೆ ಅಂಗಡಿ ಮುಚ್ಚಿ ಬಂದಳು. ಶನಿವಾರ ಅಂಗಡಿ ಮುಚ್ಚಿದ್ದು ನಾನು ಕಂಡಿದ್ದು ಇದೇ ಮೊದಲು.

ವಾಪಸ್ ಬರುತ್ತಾ ಅಮ್ಮ ಹೇಳಿದಳು, "ಚೋ ಅವ್ರ ಲಿವರ್ ಪರವಾಗಿಲ್ಲ. ನಿಮ್ಮಜ್ಜಿ ಮಾಡಿದ್ರೆ ಇನ್ನೂ ಗಟ್ಟಿ ಇರೋದು." ಇದನ್ನು ಬರೆಯಬೇಡ ಅಂತಲೂ ಹೇಳಿದಳು.

ರೂ-ಆನ್

ಶೆಂಗಾಂಗ್
೫ ಡಿಸೆಂಬರ್ ೨೦೨೩

ಯುನ್-ಫಾಂಗ್,

ಈ ಕಾಗದ ನಿನಗೆ. ರೂ-ಆನ್ ಓದಿದರೂ ಅಡ್ಡಿಯಿಲ್ಲ.

ಅವಳು ತಂಡಕ್ಕೆ ಸೇರಿದಳು, ಸಂತೋಷ. ಅಲ್ಲಿಗೆ ಅವಳ ಕೆಲಸ ಮುಗಿಯಿತು. ನನ್ನದು ಮುಗಿದಿರಲಿಲ್ಲ.

೨೦೧೫ರ ಮಾರ್ಚಿನಲ್ಲಿ, ಪರೀಕ್ಷೆಯ ಸಾಲಿನಲ್ಲಿ, ಚಹಾದ ಬಿಡುವಿಗೆ ಸ್ವಲ್ಪ ಮುಂಚೆ ನೀನು ನನ್ನ ಬಳಿ ಬಂದು ಮೆಲ್ಲಗೆ ಹೇಳಿದೆ: "ಅತ್ತೆ, ಒಂದ್ಸಲ ಸೈಕಲ್ ಮೇಲೆ ಕೂತು ಹಿಡಿದು ನೋಡಿ. ಹೆಂಗಸರ ಕೈಗೆ ಸಿಗಲ್ಲ." ನೀನು ಮೆಲ್ಲಗೆ ಹೇಳಿದೆ. ನಾನು ಮೆಲ್ಲಗೆ ಹೇಳಲಿಲ್ಲ. ನನ್ನ ಕೈಯನ್ನು ಎತ್ತಿ ಸಾಲಿಗೆಲ್ಲ ತೋರಿಸಿ, "ಇದಕ್ಕಿಂತ ಚಿಕ್ಕ ಕೈ ಇಲ್ಲಿ ಯಾರದ್ದಾದ್ರೂ ಇದೆಯಾ? ಈ ಕೈಗೆ ಸಿಗೋದು ನಮ್ಮ ಸೊಸೆಗೆ ಸಿಗಲ್ವಂತೆ. ದುಡಿಯೋ ಮನಸ್ಸಿಲ್ಲ ಅಂತ ನೇರವಾಗಿ ಹೇಳಮ್ಮ" ಎಂದೆ. ನಲವತ್ತು ಜನ ನಕ್ಕರು. ಯಜಮಾನತಿ ನಗಿಸಿದರೆ ನಗದೆ ಇರಲು ಯಾರಿಗೂ ಆಗುವುದಿಲ್ಲ. ನೀನು ಗ್ಲೌಸು ಬಿಚ್ಚಿ, ಮಡಚಿ, ಮೇಜಿನ ಮೇಲಿಟ್ಟು ಮನೆಯೊಳಗೆ ಹೋದೆ. ಜೂನಿನಲ್ಲಿ ಮಗುವನ್ನು ಕರೆದುಕೊಂಡು ಹೊರಟೆ. ಹೊರಟಿದ್ದಕ್ಕೆ ಅದೊಂದೇ ಕಾರಣವಲ್ಲ ಎಂದು ನನಗೂ ಗೊತ್ತು. ಉಳಿದದ್ದು ನಿನ್ನದು, ನನ್ನ ಮಗನದು. ನಾನು ತಲೆ ಹಾಕುವುದಿಲ್ಲ. ಇದು ಮಾತ್ರ ನನ್ನದು.

ಕಾಗದದಲ್ಲಿ ಕ್ಷಮಿಸು ಎಂದು ಬರೆದರೆ ಓದುವವಳು ನೀನೊಬ್ಬಳೇ. ಅಂದು ಕೇಳಿದವರು ನಲವತ್ತು ಜನ. ಹಾಗಾಗಿ ಅವರನ್ನೇ ಹುಡುಕಿಸಿದೆ. ಇಪ್ಪತ್ತೊಂಬತ್ತು ಜನ ಈಗಲೂ ನಮ್ಮಲ್ಲೇ ಇದ್ದಾರೆ. ಬಿಟ್ಟುಹೋದ ಹನ್ನೊಂದು ಜನರಲ್ಲಿ ಇಬ್ಬರು ತೀರಿಕೊಂಡಿದ್ದಾರೆ. ಮಿಕ್ಕ ಒಂಬತ್ತು ಜನರ ಮನೆಗೆ ಕಾರು ಕಳಿಸಿದೆ. ಒಬ್ಬಳು ಗಾಲಿಕುರ್ಚಿಯಲ್ಲಿ ಬಂದಳು. ಇನ್ನೊಬ್ಬಳು ಫೆಂಗ್‌ಯುವಾನಿನ ಸಂತೆಯಲ್ಲಿ ಆಮ್ಲೆಟ್ಟು ಮಾರುತ್ತಾಳೆ. ಅಂಗಡಿ ಬಿಟ್ಟು ಬರಲಾರೆ ಎಂದಳಂತೆ, ತುಂಗ್ ತನ್ನ ಮಗಳನ್ನು ಅಲ್ಲಿ ಕೂರಿಸಿ ಕರೆತಂದಳು.

ನಿನ್ನೆ, ಸೋಮವಾರ ಬೆಳಗ್ಗೆ ಎಂಟಕ್ಕೆ, ಅವರನ್ನೆಲ್ಲ ಅದೇ ಜಾಗದಲ್ಲಿ ನಿಲ್ಲಿಸಿದೆ. ಅಂದು ಯುನ್-ಫಾಂಗ್ ಹೇಳಿದ್ದು ಸರಿ, ನಾನು ಹೇಳಿದ್ದು ತಪ್ಪು ಎಂದೆ. ಅವಳು ದುಡಿಯಲು ಮನಸ್ಸಿಲ್ಲದವಳಲ್ಲ, ಈ ಸಾಲಿನಲ್ಲಿ ಕಣ್ಣು ತೆರೆದು ದುಡಿದವಳು ಅವಳೊಬ್ಬಳೇ ಎಂದೆ. ನಾನು ನಗಿಸಿದೆ, ನೀವು ನಕ್ಕಿರಿ, ಎರಡನ್ನೂ ಇವತ್ತು ಹಿಂದಕ್ಕೆ ತೆಗೆದುಕೊಳ್ಳುತ್ತೇನೆ ಎಂದೆ. ಇಷ್ಟು ಹೇಳಲು ನಾಲ್ಕು ನಿಮಿಷ ಹಿಡಿಯಿತು. ಗಾಲಿಕುರ್ಚಿಯವಳು, ತಾನು ಅವತ್ತು ನಗಲಿಲ್ಲ, ಕೆಮ್ಮಿದ್ದು ಎಂದಳು. ಅದನ್ನೂ ಬರೆದಿದ್ದೇನೆ, ಅವಳು ಬರೆಯಬೇಕೆಂದು ಹಠ ಹಿಡಿದಳು.

ಆಮೇಲೆ ಯಾರಿಗೂ ಚಹಾ ಕೊಡುವ ಮೊದಲು ಬೋಲ್ಟು ಬಿಚ್ಚಿಸಿದೆ. ಹದಿನಾಲ್ಕು ಸ್ಟ್ಯಾಂಡುಗಳು, ಒಂದೊಂದನ್ನೂ ಕಿತ್ತು, ಹಿಂದುಮುಂದಾಗಿ ತಿರುಗಿಸಿ, ನೆಲಕ್ಕೆ ಮತ್ತೆ ಬಿಗಿದರು. ಪ್ರತಿಯೊಂದರ ಹಿಂದೆ ಸೀಟು ಹಾಕಿದರು. ಹನ್ನೊಂದು ಗಂಟೆಗೆ ಕೊನೆಯದೂ ತಿರುಗಿತು.

ಬಾವ್ಜು